ಗ್ಲೂಕೋಸನ್ನು ಫ್ರಕ್ಟೋಸ್ ಮಾಡಿ ನೋಡುವುದು: ಬೋರ್‌ವೆಲ್ ನೀರು ಬೇಡ

ಗ್ಲೂಕೋಸ್, ಫ್ರಕ್ಟೋಸ್ ಎರಡರ ಸೂತ್ರವೂ ಸಿ6ಎಚ್12ಒ6. ಒಂದನ್ನು ಇನ್ನೊಂದು ಮಾಡುವ ಕಿಣ್ವ ಗ್ಲೂಕೋಸ್ ಐಸೋಮರೇಸ್ ಏನನ್ನೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ; ಎರಡನೇ ಇಂಗಾಲದ ಹೈಡ್ರೋಜನ್ನನ್ನು ಮೊದಲನೆಯದಕ್ಕೆ ದಾಟಿಸುತ್ತದೆ, ಅಷ್ಟೇ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಾಲೇಜು ಲ್ಯಾಬುಗಳಲ್ಲಿ ಮೊದಲು ನೋಡಬೇಕಾದ್ದು ನೀರು. ಈ ಕಿಣ್ವ ಕೆಲಸ ಮಾಡಲು ಮೆಗ್ನೀಸಿಯಂ ಬೇಕು. ಕ್ಯಾಲ್ಸಿಯಂ ಬಂದರೆ ಅದರ ಜಾಗ ಹಿಡಿದು ಕಿಣ್ವವನ್ನು ಕಟ್ಟಿಹಾಕುತ್ತದೆ. ಗೀಸರ್ ಕಾಯಿಲ್ ಮೇಲೆ ಬಿಳಿ ಹೆಪ್ಪು ಕಟ್ಟಿಸುವ ಬೋರ್ ನೀರಿನಲ್ಲಿ ಕ್ಯಾಲ್ಸಿಯಂಗೆ ಬರವಿಲ್ಲ. ಕುದಿಸಿ ಆರಿಸಿದರೂ ಪೂರ್ತಿ ಹೋಗದು. ಡಿಸ್ಟಿಲ್ಡ್ ವಾಟರನ್ನೇ ಬಳಸಿ, ಗಾಜಿನ ಸಾಮಾನನ್ನೂ ಕೊನೆಯಲ್ಲಿ ಅದರಿಂದಲೇ ತೊಳೆಯಿರಿ.

100 ಮಿಲೀ ನೀರಿಗೆ 10 ಗ್ರಾಂ ಶುದ್ಧ ಗ್ಲೂಕೋಸ್, 0.12 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ (ಹೆಪ್ಟಾಹೈಡ್ರೇಟ್) ಹಾಕಿ. ತೆಳು ಸೋಡಿಯಂ ಕಾರ್ಬೊನೇಟನ್ನು ಹನಿಹನಿಯಾಗಿ ಬಿಟ್ಟು ಪಿಎಚ್ 7.5ಕ್ಕೆ ತನ್ನಿ. ಅರ್ಧ ದ್ರಾವಣಕ್ಕೆ 2 ಗ್ರಾಂ ಹರಳುರೂಪದ ಕಿಣ್ವ (ಇಮ್ಮೊಬಿಲೈಸ್ಡ್, ಅಂದರೆ ನೀರಿಗೆ ಬಿಡದಂತೆ ಹರಳಿನಲ್ಲಿ ಕೂರಿಸಿದ್ದು), ಉಳಿದರ್ಧಕ್ಕೆ ಏನೂ ಬೇಡ. ಎರಡನ್ನೂ 60 ಡಿಗ್ರಿ ವಾಟರ್ ಬಾತ್‌ನಲ್ಲಿಟ್ಟು ಆಗಾಗ ಅಲುಗಿಸಿ. ಆ ಖಾಲಿ ಅರ್ಧವನ್ನು ಬಿಡುವಂತಿಲ್ಲ: ಪಿಎಚ್ 9 ದಾಟಿದರೆ ಬಿಸಿಗೇ, ಕಿಣ್ವವಿಲ್ಲದೆಯೇ, ಗ್ಲೂಕೋಸ್ ಸ್ವಲ್ಪ ಫ್ರಕ್ಟೋಸ್ ಆಗುತ್ತದೆ, ದ್ರಾವಣ ಕಂದು ತಿರುಗುತ್ತದೆ.

ಪರೀಕ್ಷೆಗೆ ಬೆನೆಡಿಕ್ಟ್ ದ್ರಾವಣ ಪ್ರಯೋಜನಕ್ಕಿಲ್ಲ, ಎರಡೂ ಸಕ್ಕರೆ ಅದರಲ್ಲಿ ಕೆಂಪಾಗುತ್ತವೆ. ಫ್ರಕ್ಟೋಸನ್ನು ಬೇಗ ಕೆಂಪಾಗಿಸುವ ಸೆಲಿವನಾಫ್ ದ್ರಾವಣ ಬೇಕು. 66 ಮಿಲೀ ನೀರಿಗೆ 33 ಮಿಲೀ ಗಾಢ ಹೈಡ್ರೋಕ್ಲೋರಿಕ್ ಆಮ್ಲವನ್ನು ಫ್ಯೂಮ್ ಹುಡ್‌ನೊಳಗೆ ನಿಧಾನವಾಗಿ ಸುರಿದು (ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ) 0.05 ಗ್ರಾಂ ರೆಸಾರ್ಸಿನಾಲ್ ಕರಗಿಸಿ. 0, 30, 60, 120 ನಿಮಿಷಕ್ಕೆ 1 ಮಿಲೀ ಮೇಲಿನ ತಿಳಿ ತೆಗೆದು ಹತ್ತು ಪಟ್ಟು ತೆಳುಮಾಡಿ. ಕಿಣ್ವ ಹರಳಿನಲ್ಲೇ ಉಳಿಯುವುದರಿಂದ ತೆಗೆದ ತಿಳಿಯಲ್ಲಿ ಕ್ರಿಯೆ ತಾನೇ ನಿಲ್ಲುತ್ತದೆ. 3 ಮಿಲೀ ಸೆಲಿವನಾಫ್‌ಗೆ ಅರ್ಧ ಮಿಲೀ ಸೇರಿಸಿ, ಕುದಿಯುವ ನೀರಿನಲ್ಲಿ ಒಂದೇ ನಿಮಿಷ ಇಡಿ. ಫ್ರಕ್ಟೋಸ್ ಇದ್ದರೆ ಬೇಗನೆ ಚೆರ್ರಿ ಕೆಂಪು. ಐದು ನಿಮಿಷ ಕುದಿಸಿದರೆ ಗ್ಲೂಕೋಸೂ ಗುಲಾಬಿಯಾಗುತ್ತದೆ. ಬಹುತೇಕ ತಪ್ಪು ಫಲಿತಾಂಶ ಇಲ್ಲೇ. ಶೂನ್ಯ ನಿಮಿಷದ್ದೇ ಕೆಂಪಾದರೆ ಗ್ಲೂಕೋಸ್ ಪುಡಿಯಲ್ಲಿ ಅಡುಗೆಮನೆಯ ಸಕ್ಕರೆ (ಸುಕ್ರೋಸ್) ಬೆರೆತಿರಬಹುದು, ಅಂಗಡಿಯ ಡಬ್ಬಿಯದು ತರಬೇಡಿ.

ಎಷ್ಟು ಹೊತ್ತು ಬಿಟ್ಟರೂ ಸುಮಾರು ಅರ್ಧದಷ್ಟೇ ಬದಲಾಗುವುದು, ಏಕೆಂದರೆ ಕಿಣ್ವ ಹಿಮ್ಮುಖವಾಗಿಯೂ ಅಷ್ಟೇ ಚುರುಕಾಗಿ ನಡೆಸುತ್ತದೆ. ಮುಗಿದ ಹರಳನ್ನು ತೊಳೆದು ಮೆಗ್ನೀಸಿಯಂ ದ್ರಾವಣದಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಅಲ್ಲ, ಮತ್ತೆ ಬಳಸಬಹುದು.