ಮಾಂಸ ಇದೆಯೇ ಎಂದಲ್ಲ, ಸಾಸ್ ಯಾವುದು ಎಂದು ಕೇಳಿ

ನಗರದಾಚೆಯ ಬಡಾವಣೆಗಳ ಪುಟ್ಟ ಥಾಯ್, ವಿಯೆಟ್ನಾಂ, ಜಪಾನಿ ಹೋಟೆಲುಗಳಿಗೆ ಹೋಗುವ ಸಸ್ಯಾಹಾರಿಗಳಿಗೂ ಅಲರ್ಜಿ ಇರುವವರಿಗೂ ಒಂದು ಮಾತು. "ಇದರಲ್ಲಿ ಮಾಂಸ ಇದೆಯೇ?" ಎಂದು ಕೇಳಿದರೆ "ಇಲ್ಲ" ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ತೊಡಕಿರುವುದು ತಟ್ಟೆಯಲ್ಲಿ ಕಣ್ಣಿಗೆ ಬೀಳದ ವಸ್ತುಗಳಲ್ಲಿ. ಥಾಯ್ ಕರ್ರಿಯ ಮಸಾಲೆಗೆ ಸಾಮಾನ್ಯವಾಗಿ ಸೀಗಡಿಯ ಪೇಸ್ಟ್ ಬೆರೆತಿರುತ್ತದೆ. ಹುರಿದ ನೂಡಲ್ಸ್ ಖಾದ್ಯವಾದ ಪ್ಯಾಡ್ ಥಾಯ್‌ಗೆ ಮೀನಿನ ಸಾಸ್ ಬೀಳುತ್ತದೆ. ಜಪಾನಿನ ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ಸೂಪಿನ ತಳಹದಿಯಾದ ದಾಶಿ ಎಂಬ ತಿಳಿಸಾರನ್ನು ಹೆಚ್ಚಾಗಿ ಒಣಮೀನಿನ ಚೂರುಗಳಿಂದಲೇ ತೆಗೆಯುತ್ತಾರೆ. ಚೀನೀ ಅಡುಗೆಯ ಹೊಳಪಿನ ಸೊಪ್ಪಿನ ಪಲ್ಯದಲ್ಲಿ ಆಯ್ಸ್ಟರ್ ಎಂಬ ಚಿಪ್ಪುಜೀವಿಯ ಸಾಸ್ ಇರಬಹುದು. ಟೋಫು (ಸೋಯಾ ಪನೀರ್) ಕಂಡೊಡನೆ ನೆಮ್ಮದಿಯಿಂದ ತಿಂದು ಆಮೇಲೆ ಪೆಚ್ಚಾದವಳು ನಾನು.

ಆದ್ದರಿಂದ ಸಾಸಿನ ಹೆಸರು ಹೇಳಿಯೇ ಕೇಳಿ. ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋದರೆ ಅಡುಗೆಯವರೇ ಹೊರಬಂದು ವಿವರಿಸುವುದುಂಟು. ಕುಟುಂಬದವರೇ ನಡೆಸುವ ಸಣ್ಣ ಹೋಟೆಲಿನ ಸುಖವೇ ಅದು. ಆದರೆ ಮಸಾಲೆಯನ್ನು ಮೊದಲೇ ಅರೆದಿಟ್ಟಿದ್ದರೆ ಅದರಿಂದ ಸೀಗಡಿಯನ್ನು ಬೇರ್ಪಡಿಸಲಾಗದು. ಬೇರೆ ಖಾದ್ಯ ಆರಿಸಿಕೊಳ್ಳಿ. ಗೋಧಿ ಒಗ್ಗದವರು ಸೋಯಾ ಸಾಸಿನ ಬಗ್ಗೆಯೂ ವಿಚಾರಿಸಿ, ಬಹುಪಾಲು ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆ. ಅಕ್ಕಿಯ ನೂಡಲ್ಸ್ ಎಂದು ನಂಬಿ ಕುಳಿತರೆ ಸಾಲದು.

ಇನ್ನೊಂದು, ಸಾರಿನಲ್ಲಿ ನೂಡಲ್ಸ್ ಹಾಕಿ ಕೊಡುವ ಫೋ (ವಿಯೆಟ್ನಾಂ) ಅಥವಾ ರಾಮೆನ್ (ಜಪಾನ್) ಮನೆಗೆ ಒಯ್ಯುವುದಾದರೆ ಸಾರನ್ನೂ ನೂಡಲ್ಸನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಕಟ್ಟಿಸಿಕೊಳ್ಳಿ. ಒಟ್ಟಿಗೆ ಕಟ್ಟಿಸಿದರೆ ಮನೆ ತಲುಪುವಷ್ಟರಲ್ಲಿ ನೂಡಲ್ಸ್ ಸಾರನ್ನೆಲ್ಲ ಹೀರಿ ಮುದ್ದೆಯಾಗಿರುತ್ತದೆ.