ಕ್ನೈಫ್ ಅಂತ ಓದಿದ ಹುಡುಗ

ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ಹೊತ್ತು ಎಂಟು-ಹತ್ತು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎಲ್ಲರೂ ಕನ್ನಡ ಮಾಧ್ಯಮದವರು, ಏಳನೇ ಎಂಟನೇ ಕ್ಲಾಸು. ಒಂದು ದಿನ ಒಬ್ಬ ಹುಡುಗ ಪಾಠ ಓದುತ್ತಾ ‘ನೈಫ್’ ಅನ್ನೋ ಕಡೆ ‘ಕ್ನೈಫ್’ ಅಂದ. ಉಳಿದವರು ಗೊಳ್ಳೆಂದು ನಕ್ಕರು. ಅವನು ಪುಸ್ತಕ ಮುಚ್ಚಿಟ್ಟ. ಆ ಸಂಜೆ ಮತ್ತೆ ಬಾಯಿ ಬಿಡಲಿಲ್ಲ.

ಅವನು ಮಾಡಿದ್ದರಲ್ಲಿ ತಪ್ಪೇನಿದೆ? ಕನ್ನಡದಲ್ಲಿ ನಾವು ಬರೆದಿದ್ದನ್ನು ಓದುತ್ತೇವೆ. ಕೆ ಇತ್ತು, ಪಕ್ಕದಲ್ಲಿ ಎನ್ ಇತ್ತು, ಒತ್ತಕ್ಷರದ ಹಾಗೆ ಸೇರಿಸಿ ಓದಿದ. “ಅಲ್ಲಿ ಕೆ ಸೈಲೆಂಟ್, ಬಾಯಿಪಾಠ ಮಾಡ್ಕೊಳ್ಳಿ” ಅಂತ ಅಷ್ಟು ದಿನ ನಾನೂ ಹೇಳಿಕೊಂಡು ಬಂದಿದ್ದೆ. ಕೆ-ಎನ್ ಜೋಡಿಯಿಂದ ಶುರುವಾಗುವ ನಲವತ್ತು ಪದ ಒಂದು ಚಾರ್ಟಿನಲ್ಲಿ ಬರೆದು, ಎದುರಿಗೆ ಅರ್ಥ ಬರೆದು ಗೋಡೆಗೂ ಅಂಟಿಸಿದ್ದೆ. ಮಕ್ಕಳು ಕಲಿತರು. ವಾರ ಕಳೆಯುವಷ್ಟರಲ್ಲಿ ನಿಟ್, ನಾಟ್, ನೀಡ್ ಎಲ್ಲ ಕಲಸುಮೇಲೋಗರ.

ಅವತ್ತು ರಾತ್ರಿ ಪದಗಳ ಹುಟ್ಟು ಹೇಳುವ ನಿಘಂಟು ತೆಗೆದು ಕೂತೆ. ಓದಿದಷ್ಟೂ ಆ ಹುಡುಗನ ಮುಖ ನೆನಪಾಗುತ್ತಿತ್ತು. ಹಳೆಯ ಇಂಗ್ಲಿಷಿನವರು ಆ ಕೆ ಅನ್ನು ಬಾಯಿ ತುಂಬ ಹೇಳುತ್ತಿದ್ದರು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ಹಾಕಿದಾಗಲೂ ಅದು ಕಿವಿಗೆ ಬೀಳುವ ಅಕ್ಷರವೇ. ಬಾಯಿಂದ ಅದು ಜಾರಿ ಹೋಗಿದ್ದು 17ನೇ ಶತಮಾನದಲ್ಲಿ. ಅಷ್ಟು ಹೊತ್ತಿಗೆ ಅಚ್ಚಿನಿಂದಾಗಿ ಕಾಗುಣಿತ ನಿಂತುಬಿಟ್ಟಿತ್ತು. ಉಚ್ಚಾರ ಮುಂದೆ ಹೋಯಿತು, ಬರಹ ಅಲ್ಲೇ ಉಳಿಯಿತು. ಜರ್ಮನರು ಇವತ್ತಿಗೂ ಮಂಡಿಗೆ ‘ಕ್ನೀ’ ಅಂತಲೇ ಅನ್ನುತ್ತಾರೆ.

ಮಾರನೇ ದಿನ ಎಲ್ಲರ ಎದುರಿಗೇ ಇದನ್ನು ಹೇಳಿದೆ. “ಇವನು ಓದಿದ ಹಾಗೇ ಇಂಗ್ಲಿಷರೂ ಒಂದು ಕಾಲದಲ್ಲಿ ಓದುತ್ತಿದ್ದರು” ಅಂದೆ. ಅವನು ತಲೆ ಎತ್ತಿ ನೋಡಿದ.

ಚಾರ್ಟು ಕಿತ್ತು ಹಾಕಿ ಹನ್ನೆರಡೇ ಪದ ಇಟ್ಟುಕೊಂಡೆ. ನೋಲ್ ಅಂದರೆ ದಿಬ್ಬ, ನೆಲ್ ಅಂದರೆ ಸಾವಿನ ಗಂಟೆ. ಅವೆಲ್ಲ ಈ ವಯಸ್ಸಿಗೆ ಬೇಡ. ಉಳಿದವನ್ನು ಕೈಯಿಂದ ಮಾಡಿಸಿಯೇ ಕಲಿಸಬೇಕು ಅಂತ ತೀರ್ಮಾನ ಮಾಡಿದೆ.

ಮೊದಲು ಮುಷ್ಟಿ ಕಟ್ಟಿಸಿದೆ. ಬೆರಳ ಬುಡದಲ್ಲಿ ಎದ್ದು ಕಾಣುವ ಗೆಣ್ಣು ಇದೆಯಲ್ಲ, ಅದು ನಕಲ್. ಯಾವ ತಿಂಗಳಿಗೆ 31 ದಿನ ಅಂತ ಎಣಿಸೋದು ಅದರ ಮೇಲೇ, ಹಾಗಾಗಿ ಎಲ್ಲರಿಗೂ ಪರಿಚಯದ ಜಾಗ. ಅದೇ ಗೆಣ್ಣಿನಿಂದ ಬಾಗಿಲು ತಟ್ಟಿಸಿದೆ. ಅದು ನಾಕ್. ಆಮೇಲೆ ಚಪಾತಿಗೆ ಕಲಸಿಟ್ಟ ಹಿಟ್ಟನ್ನು ಪರಾತದ ಸಮೇತ ತಂದಿಟ್ಟೆ. ಒಬ್ಬೊಬ್ಬರೂ ಬಂದು ಗೆಣ್ಣು ಊರಿ ಹಿಟ್ಟು ನಾದಿದರು. ಹಿಟ್ಟಿನ ಮೇಲೆ ನಾಲ್ಕು ನಾಲ್ಕು ಗುಳಿ. ಅದು ನೀಡ್, ನಾದು. ಒಂದೇ ಮುಷ್ಟಿಯಲ್ಲಿ ಮೂರು ಪದ ಬಂತು. ಈ ಮೂರನ್ನು ಇವತ್ತಿನವರೆಗೂ ಯಾವ ಮಗುವೂ ಮರೆತಿಲ್ಲ.

ನಾಟ್ ಅಂದರೆ ಗಂಟು. ಇಂಗ್ಲಿಷಿನಲ್ಲಿ ಮದುವೆಯಾಗೋದಕ್ಕೂ ಗಂಟು ಹಾಕೋದು ಅಂತಾರೆ. ನಮ್ಮಲ್ಲೂ ತಾಳಿಗೆ ಮೂರು ಗಂಟು ಅಲ್ವಾ! ನಿಟ್ ಅಂದರೆ ಹೆಣೆಯೋದು. ಇದು ನಾಟ್‌ನ ನೆಂಟನೇ, ಮೊದಲ ಅರ್ಥ ಗಂಟು ಹಾಕೋದು ಅಂತಲೇ ಇತ್ತು. ಚಂಡಮಾರುತದ ಸುದ್ದಿಯಲ್ಲಿ ಗಾಳಿಯ ವೇಗ ಇಷ್ಟು ನಾಟ್ ಅಂತ ಬರುತ್ತದಲ್ಲ, ಅದೂ ಇದೇ ಗಂಟು. ಹಿಂದೆ ಹಡಗಿನವರು ಗಂಟು ಹಾಕಿದ ಹಗ್ಗವನ್ನು ನೀರಿಗೆ ಬಿಟ್ಟು, ಮರಳಿನ ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿತು ಅಂತ ಎಣಿಸುತ್ತಿದ್ದರು. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್.

ನನಗೆ ತುಂಬ ಇಷ್ಟವಾದ ಜೋಡಿ ನೈಟ್ ಮತ್ತು ನೇವ್. ಎರಡಕ್ಕೂ ಹಳೆಯ ಅರ್ಥ ಹುಡುಗ, ಆಮೇಲೆ ಸೇವಕ. ಒಂದು ಮೇಲೇರಿ ವೀರಯೋಧನಾಯಿತು, ಇನ್ನೊಂದು ಕೆಳಗಿಳಿದು ಠಕ್ಕನಾಯಿತು. ಇಸ್ಪೀಟಿನ ಗುಲಾಮನಿಗೆ ಇಂಗ್ಲಿಷಿನ ಹಳೆಯ ಹೆಸರು ನೇವ್. ನಮ್ಮ ‘ಗುಲಾಮ’ ಆ ಹಳೆಯ ಅರ್ಥವನ್ನು ಹಾಗೇ ಉಳಿಸಿಕೊಂಡಿದೆ. ನೈಟ್ ಚದುರಂಗದಲ್ಲಿ ನಮ್ಮ ಕುದುರೆ. ವಿಶ್ವೇಶ್ವರಯ್ಯನವರಿಗೆ 1915ರಲ್ಲಿ ಬ್ರಿಟಿಷ್ ಸರ್ಕಾರ ಕೊಟ್ಟಿದ್ದೂ ನೈಟ್ ಪದವಿಯೇ, ಅದಕ್ಕೇ ಅವರು ಸರ್ ಎಂ.ವಿ. ಅಂದಾಗ ಮಕ್ಕಳ ಕಣ್ಣು ಅರಳಿತು.

ಇನ್ನು ನೋ, ಅಂದರೆ ತಿಳಿ. ಬೋರ್ಡಿನ ಮೇಲೆ ಅದರ ಪಕ್ಕ ‘ಜ್ಞಾನ’ ಅಂತ ಬರೆದು ಗಟ್ಟಿಯಾಗಿ ಓದಿಸಿದೆ. ನಾವು ‘ಗ್ನಾನ’ ಅಂತೀವಲ್ಲ. ಗ್-ನ, ಕ್-ನ. ಎರಡೂ ಒಂದೇ ಬೇರಿನವು! ಮಂಡಿಗೆ ಇಂಗ್ಲಿಷಿನಲ್ಲಿ ನೀ, ಸಂಸ್ಕೃತದಲ್ಲಿ ಜಾನು. ಆಜಾನುಬಾಹು ಅಂದರೆ ಮಂಡಿ ಮುಟ್ಟುವಷ್ಟು ಉದ್ದ ತೋಳಿನವನು. ಅದೂ ಅದೇ ಬೇರು. ಮೂಲದ ಗ ಸದ್ದು ಇಂಗ್ಲಿಷಿನ ಕಡೆ ಕ ಆಯಿತು ಅನ್ನೋ ನಿಯಮವನ್ನು ಜರ್ಮನ್ ಭಾಷಾತಜ್ಞ ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ. ಮಕ್ಕಳಿಗೆ ನಿಯಮ ಹೇಳಲಿಲ್ಲ. ಗೋವು, ಕೌ ಅಂತ ಎರಡು ಪದ ಬರೆದೆ, ಅಷ್ಟೇ ಸಾಕಾಯಿತು. ಆದರೆ ಇವು ಸಂಸ್ಕೃತದಿಂದ ನಮಗೆ ಬಂದ ಪದಗಳು. ನಮ್ಮದೇ ಆದ ಅರಿವು, ಮೊಣಕಾಲು ಇವಕ್ಕೆ ಆ ನೆಂಟಸ್ತಿಕೆ ಇಲ್ಲ. ಇದನ್ನು ಬಿಡಿಸಿ ಹೇಳದಿದ್ದರೆ ಮಕ್ಕಳು ಎಲ್ಲದಕ್ಕೂ ಸಂಬಂಧ ಕಟ್ಟಲು ಶುರು ಮಾಡುತ್ತಾರೆ.

ಉಕ್ತಲೇಖನಕ್ಕೆ ಬಿಡಿ ಪದ ಕೊಡೋದನ್ನು ನಿಲ್ಲಿಸಿದೆ. ‘ನೈಟ್’ ಅಂತ ಬರೀ ಹೇಳಿದರೆ ಅದು ರಾತ್ರಿಯೋ ಯೋಧನೋ? ‘ನೀಡ್’ ಅಂದರೆ ಬೇಕು ಅಂತಲೋ ನಾದು ಅಂತಲೋ? ವಾಕ್ಯ ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಕಿವಿಗೆ ಕೇಳದ ಆ ಕೆ ಕಣ್ಣಿಗೆ ಎಷ್ಟು ಕೆಲಸ ಮಾಡುತ್ತದೆ ಅಂತ ಮಕ್ಕಳಿಗೆ ಗೊತ್ತಾಗಿದ್ದು ಇಲ್ಲೇ.

ಒಬ್ಬಳು ಕೇಳಿದಳು, “ಮಿಸ್, ಡಾರ್ಕ್‌ನೆಸ್‌ನಲ್ಲಿ ಕೆ-ಎನ್ ಇದೆ, ಕೆ ಹೇಳ್ತೀವಲ್ಲ?” ಒಳ್ಳೆಯ ಪ್ರಶ್ನೆ. ಅಲ್ಲಿ ಕೆ ಡಾರ್ಕ್‌ಗೆ ಸೇರಿದ್ದು, ಎನ್ ನೆಸ್‌ಗೆ ಸೇರಿದ್ದು. ಎರಡು ತುಂಡಿನ ನಡುವೆ ಬಿದ್ದಾಗ ಕೆ ಮಾತಾಡುತ್ತದೆ. ಅನ್‌ನೋನ್ ಪದದಲ್ಲಿ ಎರಡೂ ‘ನೋನ್’ ಅನ್ನೋ ತುಂಡಿನವೇ, ಅದಕ್ಕೆ ಅಲ್ಲಿ ಸುಮ್ಮನಿರುತ್ತದೆ. ರಿಜಿಸ್ಟರ್ ಪೋಸ್ಟಿನ ಅಕ್ನಾಲೆಜ್‌ಮೆಂಟ್ ಬರೆದು ತೋರಿಸಿದೆ. ಇದೊಂದು ಹೊರತು: ಒಳಗೆ ನೋ ಕೂತಿದೆ, ಆದರೂ ಕ ಸದ್ದು ಕೇಳುತ್ತದೆ.

ಈ ವಾರ ಜಿ-ಎನ್ ಜೋಡಿ ಶುರು ಮಾಡಿದ್ದೇವೆ. ‘ಸೈನ್’ ಅಂತ ಬೋರ್ಡಿನ ಮೇಲೆ ಬರೆದು, ಇಲ್ಲಿ ಜಿ ಯಾಕಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕ್ನೈಫ್ ಅಂದಿದ್ದ ಹುಡುಗನೇ ಕೈ ಎತ್ತಿದ. “ಸಿಗ್ನಲ್ಲಲ್ಲಿ ಕೇಳುತ್ತೆ ಮಿಸ್. ಸಿಗ್ನೇಚರಲ್ಲೂ ಕೇಳುತ್ತೆ.”