ನಲವತ್ತೆರಡು ಕ್ಯೂಬ್, ಹದಿನಾಲ್ಕು ಸಹಿ: ಎಂಜಿನಿಯರಿಂಗ್ ತರಗತಿಯಲ್ಲಿ ನೀತಿಪಾಠ

ವೃತ್ತಿನೀತಿಯನ್ನು ಕಾಂಕ್ರೀಟ್ ಲ್ಯಾಬಿನಲ್ಲಿ ಕಲಿಸುತ್ತೇನೆ ಎಂದಾಗ ನಮ್ಮ ಸಿವಿಲ್ ವಿಭಾಗದಲ್ಲಿ ನಗದವರೇ ಇರಲಿಲ್ಲ. ‘ಅದನ್ನೆಲ್ಲ ಮನೆಯಲ್ಲಿ ಕಲಿತು ಬರಬೇಕು ಮೇಷ್ಟ್ರೇ, ನಾವು ಬೀಮು ಕಲಿಸೋಣ’ ಎಂದರು ಹಿರಿಯರೊಬ್ಬರು. ಈಗ ಅವರೇ ತಮ್ಮ ಬ್ಯಾಚಿಗೂ ಇದನ್ನು ಮಾಡಿಕೊಡಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲು ಸೋತದ್ದನ್ನು ಹೇಳುತ್ತೇನೆ, ಅದೇ ಹೆಚ್ಚು. ಒಂದು ಕ್ರೆಡಿಟ್ಟಿನ ವಿಷಯ, ಮಧ್ಯಾಹ್ನ ಊಟದ ನಂತರದ ಪೀರಿಯಡ್ಡು. ಮೊದಲ ವರ್ಷ ಸ್ಲೈಡುಗಳನ್ನು ಹಾಕಿದೆ: 1984ರ ಭೋಪಾಲ, ಅದರ ಬೆನ್ನಿಗೆ 1986ರ ಪರಿಸರ ಸಂರಕ್ಷಣಾ ಕಾಯ್ದೆ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಬಂದ ತಿದ್ದುಪಡಿ. ಮಕ್ಕಳು ಇಸವಿಗಳನ್ನು ಚೆನ್ನಾಗಿ ಬಾಯಿಪಾಠ ಮಾಡಿದರು. ಎರಡನೇ ವರ್ಷ ಚರ್ಚಾಸ್ಪರ್ಧೆ ಇಟ್ಟೆ. ಲಂಚದ ವಿರುದ್ಧ ಭೋರ್ಗರೆದು ಮೊದಲ ಬಹುಮಾನ ಪಡೆದ ಹುಡುಗ ಮರುವಾರವೇ ಸರ್ವೇ ರೆಕಾರ್ಡನ್ನು ಗೆಳೆಯನಿಂದ ಯಥಾವತ್ತಾಗಿ ನಕಲು ಮಾಡಿ ಸಿಕ್ಕಿಬಿದ್ದ. ಗೆಳೆಯನ ರೋಲ್ ನಂಬರನ್ನೂ ಸೇರಿಸಿಯೇ ನಕಲು ಮಾಡಿದ್ದ. ಮೂರನೇ ವರ್ಷ ನಿವೃತ್ತ ಅಧಿಕಾರಿಯೊಬ್ಬರನ್ನು ಕರೆಸಿದೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ಕಾರಿನ ಬಾಡಿಗೆ ಎಲ್ಲ ಸೇರಿ ಆರು ಸಾವಿರದ ಹತ್ತಿರ ಖರ್ಚಾಯಿತು. ಅವರು ಒಂದು ಗಂಟೆ ತಮ್ಮ ಬಾಲ್ಯದ ಬಗ್ಗೆ ಮಾತನಾಡಿ ಹೋದರು.

ಇವೆಲ್ಲಕ್ಕಿಂತ ದೊಡ್ಡ ಸೋಲು ಹುತಾತ್ಮರ ಕಥೆಗಳದ್ದು. ಹೆದ್ದಾರಿ ಕಾಮಗಾರಿಯ ಅಕ್ರಮ ಬಯಲಿಗೆಳೆದು 2003ರಲ್ಲಿ ಗಯಾದಲ್ಲಿ ಕೊಲೆಯಾದ ಸತ್ಯೇಂದ್ರ ದುಬೆ; ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿನ ಮೇಲೆ ಕ್ರಮ ಕೈಗೊಂಡು 2005ರಲ್ಲಿ ಲಖೀಂಪುರ ಖೇರಿಯಲ್ಲಿ ಗುಂಡೇಟಿಗೆ ಬಲಿಯಾದ ಮಂಜುನಾಥ್ ಷಣ್ಮುಗಂ. ಮಂಜುನಾಥ್ ಎಂಜಿನಿಯರಿಂಗ್ ಓದಿದ್ದು ನಮ್ಮ ಮೈಸೂರಿನಲ್ಲೇ. ಹೇಳುವಾಗ ನನ್ನ ಗಂಟಲೇ ಕಟ್ಟಿತು, ತರಗತಿಯೂ ನಿಶ್ಶಬ್ದವಾಯಿತು. ನಾನು ಗೆದ್ದೆ ಎಂದುಕೊಂಡೆ. ಹೊರಗೆ ಬಂದ ಮೇಲೆ ಒಬ್ಬ ಹುಡುಗ ಮೆಲ್ಲಗೆ ಹೇಳಿದ: ‘ಸರ್, ಅಂದರೆ ಸುಮ್ಮನಿರುವುದೇ ಒಳ್ಳೆಯದು, ಅಲ್ಲವೇ?’ ನಾನು ಕಲಿಸಿದ್ದು ಅದನ್ನೇ. ಈಗ ದುಬೆ, ಮಂಜುನಾಥ್ ಇಬ್ಬರ ಮಾತನ್ನು ಕಡೆಯ ತರಗತಿಗೆ ಇಟ್ಟುಕೊಂಡಿದ್ದೇನೆ.

ದಾರಿ ಬದಲಾದದ್ದು 2019ರಲ್ಲಿ. ಆ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿಯಿತು. ಆ ಕಡೆಯ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ‘ಒಂದು ಕಟ್ಟಡದ ಕಾಗದಪತ್ರದಲ್ಲಿ ನಮ್ಮಂಥವರ ಸಹಿ ಎಲ್ಲೆಲ್ಲಿ ಇರುತ್ತದೆ ಸರ್?’ ಎಂದು ಕೇಳಿದಳು. ನನಗೂ ಸರಿಯಾಗಿ ಎಣಿಸಲಾಗಲಿಲ್ಲ. ಸಹಿಯನ್ನೇ ಪಾಠ ಮಾಡಬೇಕು ಎಂದು ಅಂದು ಹೊಳೆಯಿತು.

ಹದಿನಾಲ್ಕು ತಂಡ, ತಂಡಕ್ಕೆ ಮೂರರಂತೆ ನಲವತ್ತೆರಡು ಕ್ಯೂಬ್, ಅಂದರೆ ಬಲ ಪರೀಕ್ಷಿಸಲು ಎರಕ ಹೊಯ್ಯುವ ಕಾಂಕ್ರೀಟಿನ ಘನಗಳು. ಎಂ20, ಅಂದರೆ ಇಪ್ಪತ್ತೆಂಟು ದಿನಕ್ಕೆ ಚದರ ಮಿಲಿಮೀಟರಿಗೆ 20 ನ್ಯೂಟನ್ ತಾಳಬೇಕಾದ ಕಾಂಕ್ರೀಟು ಎಂದು ಹೇಳಿ ಹಾಕಿಸುತ್ತೇನೆ. ಆದರೆ ಅದು ಎಂ20 ಆಗದಂತೆ ನೋಡಿಕೊಳ್ಳುತ್ತೇನೆ. ಎಷ್ಟು ನೀರು, ಯಾವ ಹೊತ್ತಿನಲ್ಲಿ ಎಂಬುದನ್ನು ಬರೆಯುವುದಿಲ್ಲ, ಇದನ್ನು ಮುಂದಿನ ಬ್ಯಾಚಿನವರೂ ಓದುತ್ತಾರೆ. ಮೊದಲ ಸಲ ಕೈ ಮೀರಿ ಹೋಯಿತು: ಅಚ್ಚು ಬಿಚ್ಚುವಾಗಲೇ ಮೂಲೆಗಳು ಉದುರಿ ಎಲ್ಲರಿಗೂ ಅನುಮಾನ ಬಂತು. ಮರುವರ್ಷ ನಮ್ಮ ಅಟೆಂಡರ್ ಚಹಾ ಅಂಗಡಿಯಲ್ಲಿ ಬಾಯಿಬಿಟ್ಟರು. ಈಗ ಅವರಿಗೂ ಗೊತ್ತಾಗುವುದಿಲ್ಲ. ಸಿಮೆಂಟು ಎರಡು ಚೀಲ, ಎಂಟುನೂರು ರೂಪಾಯಿಯ ಆಸುಪಾಸು. ಇಪ್ಪತ್ತೇ ಅಚ್ಚುಗಳಿರುವುದರಿಂದ ಮೂರು ದಿನ ಹಿಡಿಯುತ್ತದೆ. ಮೊದಲೆರಡು ವರ್ಷ ಈ ದುಡ್ಡು ನನ್ನ ಜೇಬಿನದೇ. ಆಮೇಲೆ ಎನ್‌ಬಿಎ ಎಂಬ ಮಾನ್ಯತಾ ಮಂಡಳಿಯ ತಂಡ ಬರುವುದಿದ್ದಾಗ ಪಿಒ ಎಂಟಕ್ಕೆ, ಅಂದರೆ ವೃತ್ತಿನೀತಿಯ ಕಲಿಕೆಗೆ, ಸಾಕ್ಷಿ ಬೇಕೆಂದು ವಿಭಾಗದವರೇ ಓಡೋಡಿ ಬಂದು ಬಿಲ್ಲು ಕೇಳಿದರು!

ಇಪ್ಪತ್ತೆಂಟನೇ ದಿನ ಒಡೆಯುತ್ತೇವೆ. 450 ಕಿಲೋನ್ಯೂಟನ್ ಬರಬೇಕಾದ ಕಡೆ ಸಿಟಿಎಂ, ಅಂದರೆ ಕ್ಯೂಬನ್ನು ಒತ್ತಿ ಒಡೆಯುವ ಯಂತ್ರ, 340ರ ಹತ್ತಿರ ನಿಲ್ಲುತ್ತದೆ. ಅಂದರೆ ಚದರ ಮಿಲಿಮೀಟರಿಗೆ 20 ನ್ಯೂಟನ್ ಅಲ್ಲ, 15ರ ಚಿಲ್ಲರೆ. ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456ರ ಅಂಗೀಕಾರದ ಲೆಕ್ಕವೇ ಬೇರೆ, ನಾಲ್ಕು ಮಾದರಿಗಳ ಸರಾಸರಿ ಬೇಕು ಎಂದು ತಕರಾರು ತೆಗೆಯುವವರಿದ್ದೀರಿ, ಬಲ್ಲೆ. ಆ ಲೆಕ್ಕದಲ್ಲೂ ಇದು ಪಾಸಾಗುವುದಿಲ್ಲ. ಮೊದಲ ಬಾರಿ ಹದಿನಾಲ್ಕರಲ್ಲಿ ಹನ್ನೊಂದು ತಂಡಗಳ ರೆಕಾರ್ಡಿನಲ್ಲಿ 20ರ ಮೇಲಿತ್ತು. 20.4, 20.9, 21.3, ಎಷ್ಟು ಚೆಂದದ ಅಂಕಿಗಳು! ಒಂದು ತಂಡವಂತೂ ಮೂರಕ್ಕೂ ಮೂರು 20 ಎಂದು ಬರೆದಿತ್ತು, ಸುಳ್ಳಿಗೂ ಸೋಮಾರಿತನ. ಯಂತ್ರದ ನಿಜವಾದ ಅಂಕಿ ನನ್ನ ಕೈಗೆ ಹೇಗೆ ಸೇರುತ್ತದೆ ಎಂಬುದು ಕೂಡ ನನ್ನಲ್ಲೇ ಇರಲಿ.

ನಾನು ಬೈಯುವುದಿಲ್ಲ. ಮುಂದಿನ ತರಗತಿಯಲ್ಲಿ ತಂಡಕ್ಕೊಂದು ಮುದ್ರಿಸಿದ ಹಾಳೆ ಕೊಡುತ್ತೇನೆ. ‘ಮೇಲ್ಕಂಡ ಕಾಂಕ್ರೀಟು ಈ ಕಾಲೇಜಿನ ಹಾಸ್ಟೆಲ್ ಊಟದ ಮನೆಯ ಮೇಲ್ಛಾವಣಿಗೆ ಬಳಸಲು ಯೋಗ್ಯವೆಂದು ನಾನು ದೃಢೀಕರಿಸುತ್ತೇನೆ’ ಎಂಬ ಒಂದೇ ವಾಕ್ಯ. ಕೆಳಗೆ ಹೆಸರು, ತಂದೆಯ ಹೆಸರು, ಮನೆಯ ವಿಳಾಸ, ದಿನಾಂಕ, ಸಹಿ. ತಂಡದ ಪರವಾಗಿ ಒಬ್ಬರೇ ಹಾಕಬೇಕು. ತಂದೆಯ ಹೆಸರಿನವರೆಗೆ ಪೆನ್ನುಗಳು ಸರಾಗವಾಗಿ ಓಡುತ್ತವೆ. ಆಮೇಲೆ ‘ನೀನು ಹಾಕು’, ‘ನೀನೇ ಬರೆದದ್ದಲ್ಲವೇ’ ಎಂಬ ಗುಸುಗುಸು ಶುರುವಾಗುತ್ತದೆ. ಹಾಳೆ ಬೆಂಚಿನ ಈ ತುದಿಯಿಂದ ಆ ತುದಿಗೆ ಹೋಗಿ ಮರಳಿ ಬರುತ್ತದೆ. ಆ ವರ್ಷ ಹಾಸ್ಟೆಲಿನಲ್ಲೇ ಇದ್ದ ಹುಡುಗನೊಬ್ಬ ಎದ್ದು ನಿಂತು, ‘ಸರ್, ಇನ್ನೊಮ್ಮೆ ಕ್ಯೂಬ್ ಒಡೆಯಲು ಬಿಡುತ್ತೀರಾ?’ ಎಂದ. ಹನ್ನೊಂದರಲ್ಲಿ ಎಂಟು ತಂಡಗಳು ರೆಕಾರ್ಡನ್ನು ವಾಪಸು ಕೇಳಿ ತೆಗೆದುಕೊಂಡವು. ಮೂರು ತಂಡಗಳು ಸಹಿ ಹಾಕಿದವು. ಆ ಮೂರು ಹಾಳೆಗಳಿಗೆ ನಾನು ಅಂಕ ಕತ್ತರಿಸಲಿಲ್ಲ. ಅಂಕವೇ ಕೊಡದೆ ಸೆಮಿಸ್ಟರಿನ ಕೊನೆಯವರೆಗೆ ನನ್ನ ಡ್ರಾಯರಿನಲ್ಲಿ ಇಟ್ಟುಕೊಂಡೆ. ವಾರಕ್ಕೊಮ್ಮೆಯಾದರೂ ಆ ಮೂರೂ ತಂಡದವರು ಬಂದು ‘ಆ ಹಾಳೆ’ ಎಂದು ತಲೆ ಕೆರೆದುಕೊಳ್ಳುತ್ತಿದ್ದರು.

ಇಷ್ಟಾದ ಮೇಲೆ ಕಾಯ್ದೆ ಕಲಿಸುವುದು ಸಲೀಸು. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಿದೆ, ಪರಿಷತ್ತಿದೆ. ಎಂಜಿನಿಯರುಗಳಿಗೆ ದೇಶಮಟ್ಟದಲ್ಲಿ ಅಂಥ ಶಾಸನಬದ್ಧ ಪರಿಷತ್ತು ಇಲ್ಲ ಎಂದಾಗ ಮೊದಲು ಆಕಳಿಸುತ್ತಿದ್ದರು, ಈಗ ‘ಹಾಗಾದರೆ ನಮ್ಮ ಸಹಿಗೆ ಹೊಣೆ ಯಾರು?’ ಎಂದು ಕೇಳುತ್ತಾರೆ. ರಿಯಲ್ ಎಸ್ಟೇಟ್ ಕಾಯ್ದೆಯಾದ ರೇರಾದಲ್ಲಿ ಕಟ್ಟಡದ ರಚನಾದೋಷಕ್ಕೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷ ಬಿಲ್ಡರೇ ಹೊಣೆ ಎಂಬುದನ್ನು ತಾವೇ ಹುಡುಕಿ ತರುತ್ತಾರೆ.

ನಡುವೆ ಒಂದು ಅಡ್ಡದಾರಿಯನ್ನೂ ಹಿಡಿದೆ. ಕಾಲೇಜಿನ ಮುಂದಿನ ರಸ್ತೆ ಉಬ್ಬನ್ನು ಅಳೆಯಲು ಕಳುಹಿಸಿದೆ. ಐಆರ್‌ಸಿ 99 ಎಂಬ ರಸ್ತೆ ಮಾರ್ಗಸೂಚಿಯ 1988ರ ಆವೃತ್ತಿಯ ಪ್ರಕಾರ ದುಂಡು ಉಬ್ಬು 3.7 ಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರ ಇರಬೇಕಿತ್ತು. ನಮ್ಮದು ಒಂದು ಮೀಟರೂ ಅಗಲವಿಲ್ಲ, ಎತ್ತರ ಹದಿನಾಲ್ಕು. ಬೆಳಗ್ಗೆ ಆರಕ್ಕೆ ದಾರ ಹಿಡಿದು ನಿಂತಿದ್ದವರನ್ನು ಗದರಿಸಲು ಬಂದ ಪೇದೆ, ವಿಷಯ ತಿಳಿದು ತಾವೇ ವಾಹನ ನಿಲ್ಲಿಸಿಕೊಟ್ಟರಂತೆ. ಆ ಕಾಮಗಾರಿಯ ಎಂಬಿ ಪುಸ್ತಕದ (ಅಳತೆ ದಾಖಲಿಸುವ ಪುಸ್ತಕ) ಪ್ರತಿ ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕಿಸಿದೆ. ಹತ್ತು ರೂಪಾಯಿ ಶುಲ್ಕ, ನೂರೈವತ್ತು ಪದಗಳ ಮಿತಿ. ಕನ್ನಡದಲ್ಲೇ ಬರೆಯಿರಿ ಎಂದರೆ ‘ಮಾನ್ಯರೇ’ ಎಂದು ಬರೆದು ಅರ್ಧ ಗಂಟೆ ಕುಳಿತರು. ನೂರೈವತ್ತರ ಮಿತಿ ಯಾರಿಗೂ ಅಡ್ಡಿಯಾಗಲಿಲ್ಲ. ಮೂವತ್ತು ದಿನದೊಳಗೆ ಉತ್ತರ ಬರಬೇಕಿತ್ತು, ಎರಡು ತಿಂಗಳಿಗೆ ಬಂತು: ‘ಕಡತ ಲಭ್ಯವಿಲ್ಲ’. ಮೇಲ್ಮನವಿ ಹಾಕುವಷ್ಟರಲ್ಲಿ ಸೆಮಿಸ್ಟರ್ ಮುಗಿದಿತ್ತು. ಈ ಪ್ರಯೋಗವನ್ನು ಯಾರಿಗೂ ಶಿಫಾರಸು ಮಾಡಲಾರೆ, ಆದರೆ ನಾನಂತೂ ಮತ್ತೆ ಮಾಡುತ್ತೇನೆ.

ಕೆಲಸಕ್ಕೆ ಸೇರಿದ ಮೇಲೆ ಇದೆಲ್ಲ ಉಳಿಯುತ್ತದೆಯೇ ಎಂದು ಕೇಳುವವರಿಗೆ ಒಂದು ಸಂಗತಿ. ಎರಡನೇ ಬ್ಯಾಚಿನ ಹುಡುಗನೊಬ್ಬ ಸೈಟಿನಲ್ಲಿ ಹಾಕದೇ ಇದ್ದ ಕ್ಯೂಬುಗಳ ವರದಿಗೆ ಸಹಿ ಹಾಕಲು ಒಪ್ಪದೆ ಕೆಲಸ ಬಿಟ್ಟ. ಮೂರು ತಿಂಗಳು ಮನೆಯಲ್ಲಿದ್ದು, ಬೇರೆ ಕಡೆ ನಾಲ್ಕು ಸಾವಿರ ಕಡಿಮೆ ಸಂಬಳಕ್ಕೆ ಸೇರಿದ. ಅವನ ತಾಯಿ ನನಗೆ ಫೋನು ಮಾಡಿ, ‘ನೀವು ಪಾಠ ಹೇಳಿದಿರಿ, ಸಾಲದ ಕಂತು ಯಾರು ಕಟ್ಟುತ್ತಾರೆ ಸರ್?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಕಳೆದ ವರ್ಷದ ತಂಡವೊಂದು ನಮ್ಮ ಗ್ರಂಥಾಲಯದ ರ‍್ಯಾಂಪನ್ನೇ ಅಳೆಯಿತು. ಒಂದಕ್ಕೆ ಹನ್ನೆರಡು ಇರಬೇಕಾದ ಇಳಿಜಾರು ಒಂದಕ್ಕೆ ಏಳಿತ್ತು. ಪ್ರಾಂಶುಪಾಲರು ಮೊದಲು ಸಿಟ್ಟಾದರು, ನಂತರ ನಲವತ್ತು ಸಾವಿರದಷ್ಟು ಮಂಜೂರು ಮಾಡಿ ಹೊಸದು ಕಟ್ಟಿಸಿದರು. ‘ನಿಮ್ಮ ಹುಡುಗರೇ ಅಳೆದು ಸಹಿ ಹಾಕಲಿ, ಬಿಲ್ಲು ಪಾಸು ಮಾಡುತ್ತೇನೆ’ ಎಂದು ನಗುತ್ತಲೇ ಹೇಳಿ ಕಳುಹಿಸಿದರು. ಹುಡುಗರು ಹೋಗಿ ಟೇಪು ಹಿಡಿದರು. ನಲವತ್ತೈದು ಸೆಂಟಿಮೀಟರ್ ಎತ್ತರಕ್ಕೆ 5.4 ಮೀಟರ್ ಉದ್ದ ಬೇಕಿತ್ತು, 4.95 ಇತ್ತು. ಹೊಂಗೆ ಮರದ ಕಟ್ಟೆ ಅಡ್ಡ ಬಂದಿದೆಯಂತೆ. ಸಹಿ ಹಾಕದೆ ಬಂದರು. ಬಿಲ್ಲು ಇನ್ನೂ ಮೇಜಿನ ಮೇಲಿದೆ, ಗುತ್ತಿಗೆದಾರರು ದಿನಕ್ಕೊಮ್ಮೆ ನನಗೆ ಫೋನು ಮಾಡುತ್ತಿದ್ದಾರೆ.